ದನ ನಡೆದ ಗೆರೆಗಳು

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನಾನು ಪೂರ್ವ ಆಫ್ರಿಕಾದಲ್ಲಿ ಇಳಿಯುತ್ತೇನೆ. ವಿಮಾನವೂ ಬೇಡ, ಪಾಸ್‌ಪೋರ್ಟೂ ಬೇಡ. ವೈಟ್‌ಫೀಲ್ಡಿನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆರೆದರೆ ಆಯಿತು. ಆಕಾಶದಿಂದ ತೆಗೆದ ಆ ಚಿತ್ರದ ಮೇಲೆ ಇದು ತೊರೆ, ಇದು ಕಾಡು, ಇದು ಹೊಲ, ಇದು ಊರು ಎಂದು ಗೆರೆ ಎಳೆದು ನಕ್ಷೆ ಮಾಡುವುದು ನನ್ನ ಕೆಲಸ. ಆರು ವರ್ಷದಿಂದ ಮಾಡುತ್ತಿದ್ದೇನೆ. ಆ ನೆಲದ ಮೇಲೆ ಒಂದು ಸಲವೂ ಕಾಲಿಟ್ಟಿಲ್ಲ. ಆದರೂ ರಾಣೆಬೆನ್ನೂರಿನ ನಮ್ಮ ಓಣಿಗಿಂತ ಅಲ್ಲಿನ ಗುಡ್ಡಗಳೇ ನನಗೆ ಚೆನ್ನಾಗಿ ಗೊತ್ತು.

ನನ್ನ ಹೆಸರು ಹೇಮಲತಾ. ಭೂಗೋಳದಲ್ಲಿ ಎಂ.ಎ. ಮಾಡಿದವಳು. ಭೂಗೋಳ ಓದಿ ಯಾವ ಲೋಕ ಆಳುತ್ತೀಯೆಂದು ಕೇಳಿದ ಚಿಕ್ಕಪ್ಪ ಮುರಿಗೆಪ್ಪನವರಿಗೆ ಈಗ ಒಂದಿಡೀ ಜಿಲ್ಲೆ ನನ್ನ ಕೈಯಲ್ಲಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ಅವರು ನಂಬಿಲ್ಲ, ಅದು ಬೇರೆ ಮಾತು.

ಆ ನಾಡು ನಮ್ಮದರ ಹಾಗೇ ಇದೆ. ಎತ್ತರದ ಬಯಲು, ಕೆಂಪು ಮಣ್ಣು, ನೆಲದಿಂದ ಎದ್ದು ಕೂತ ದೊಡ್ಡ ದೊಡ್ಡ ಬಂಡೆಗಳು. ನಮಗೆ ಮುಂಗಾರು ಹಿಂಗಾರು ಇದ್ದ ಹಾಗೆ ಅಲ್ಲೂ ಎರಡು ಮಳೆ. ಒಂದು ಉದ್ದದ್ದು, ಒಂದು ಗಿಡ್ಡದ್ದು. ಹದಿನೈದು ಹದಿನಾರು ಕೋಟಿ ವರ್ಷಗಳ ಹಿಂದೆ ಆ ನೆಲವೂ ಈ ನೆಲವೂ ಒಂದೇ ಆಗಿತ್ತೆಂದು ನಮಗೆ ಪಾಠ ಮಾಡಿದ್ದರು. ಆಮೇಲೆ ನಡುವೆ ಬಿರುಕು ಬಿಟ್ಟು, ನಾವು ಈ ಕಡೆ ತೇಲಿ ಬಂದೆವು. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ ಒಂದೊಂದು ದಿನ ನನಗೆ ಆ ಬಿರುಕು ಕೂಡಿಕೊಂಡ ಹಾಗೆ ಆಗುತ್ತದೆ. ಕಿಟಕಿಯಾಚೆ ಕಾಣುವ ಹೂಡಿಯ ಕಡೆಯ ಬಯಲು ಎಲ್ಲಿ ಮುಗಿಯಿತು, ಪರದೆಯ ಮೇಲಿನ ಬಯಲು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ.

ಇನ್ನೊಂದು ಹೋಲಿಕೆಯೂ ಇದೆ, ಅದು ಅಷ್ಟು ಚೆಂದದ್ದಲ್ಲ. ಒಂದೇ ದೇಶದ ಜನ ಎರಡೂ ಕಡೆ ಹಡಗಿನಲ್ಲಿ ಬಂದು, ಸರಪಳಿ ಹಿಡಿದು ನೆಲ ಅಳೆದು, ನಕ್ಷೆ ಬರೆದು, ಒಂದು ದಿನ ಎದ್ದು ಹೋದರು. ಹೋಗುವಾಗ ನಕ್ಷೆ ಬಿಟ್ಟುಹೋದರು. ನಾನು ಗೆರೆ ಎಳೆಯುವಾಗ ಪಕ್ಕದಲ್ಲಿ ಅವರ ಹಳೆಯ ಹಾಳೆಯೂ ತೆರೆದಿರುತ್ತದೆ. ಬಹಳ ಕಡೆ ಅದು ಬೆಳ್ಳಗಿದೆ. ನಡುವೆ ಅಗಲವಾದ ಅಕ್ಷರದಲ್ಲಿ 'ಜನವಸತಿ ಇಲ್ಲ' ಎಂದು ಬರೆದಿದೆ. ಬೇಸಿಗೆಯಲ್ಲಿ ಬಂದು ನೋಡಿದರೋ, ಬಿಸಿಲಿಗೆ ಬೇಜಾರಾಗಿ ಡೇರೆಯಲ್ಲೇ ಕೂತು ಬರೆದರೋ ಯಾರಿಗೆ ಗೊತ್ತು. ನನಗೆ ಆ ಎರಡು ಪದ ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂಥ ನಾನೇ ಮಾರ್ಚ್ ತಿಂಗಳ ಒಂದು ಸೋಮವಾರ ಅದೇ ಕೆಲಸ ಮಾಡಿದೆ.

ಹಾಳೆ ನೂರಾ ಹದಿನೇಳು. ಹಳೆಯ ನಕ್ಷೆಯಲ್ಲಿ ಪೂರಾ ಬಿಳಿ. ಉಪಗ್ರಹದ ಚಿತ್ರದಲ್ಲಿ ನಡುವೆ ಒಂದು ಬೆಳ್ಳನೆಯ ತಟ್ಟೆಯಂಥ ಜಾಗ, ಅದರ ಕಡೆಗೆ ಎಲ್ಲ ದಿಕ್ಕಿನಿಂದಲೂ ಬರುವ ಸಣ್ಣ ಸಣ್ಣ ಗೆರೆಗಳು. ಒಣಗಿದ ತೊರೆಗಳೆಂದು ತಿಳಿದು ಒಂದೊಂದನ್ನೂ ನೀಲಿಯಲ್ಲಿ ಎಳೆದೆ; ನಲವತ್ತೊಂದು ತೊರೆ. ಬೆಳ್ಳಗಿದ್ದ ಜಾಗದಲ್ಲಿ ಮನೆಯಿಲ್ಲ, ಹೊಲವಿಲ್ಲ, ಮರವಿಲ್ಲ. ನಮ್ಮ ಪಟ್ಟಿಯಲ್ಲಿ ಅಂಥದ್ದಕ್ಕೆ ಒಂದೇ ಹೆಸರು: ಖಾಲಿ. ಕೊಟ್ಟೆ. ಬುಧವಾರ ಹಾಳೆ ಫ್ರೀಜ್ ಆಯಿತು, ಅಂದರೆ ಇನ್ನು ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಮುಂದಿನ ಮಂಗಳವಾರ ಅಲ್ಲಿನ ಜಿಲ್ಲಾ ಕಚೇರಿಗೆ ಹೋಗುತ್ತದೆ. ಆ ನಕ್ಷೆ ನೋಡಿಕೊಂಡು, ಖಾಲಿ ಇರುವ ನೆಲವನ್ನೆಲ್ಲ ಕೇಳಿದವರಿಗೆ ಹಂಚುತ್ತಾರೆ. ಹೊರಗಿನ ದೊಡ್ಡ ಕಂಪನಿಗಳು ಆಗಲೇ ಸರತಿಯಲ್ಲಿ ನಿಂತಿವೆ ಎಂದು ನಮ್ಮ ತಂಡದ ಮುಖ್ಯಸ್ಥ ಶಿವಶಂಕರ್ ಹೇಳಿದ್ದರು.

ನಾನಿರುವುದು ಪಟ್ಟಂದೂರು ಅಗ್ರಹಾರದ ಒಂದು ಗಲ್ಲಿಯಲ್ಲಿ, ಕೃಷ್ಣಮ್ಮನವರ ಮನೆಯ ಮೂರನೇ ಮಹಡಿಯಲ್ಲಿ, ತಾರಸಿಗೆ ಬಾಗಿಲಿರುವ ಕೋಣೆಯಲ್ಲಿ. ಮದುವೆಯಾಗದ ಮೂವತ್ತೈದರ ಹೆಂಗಸೆಂದು ಆರು ಜನ ಮನೆ ಕೊಡಲು ಮೀನಮೇಷ ಎಣಿಸಿದ್ದರು. ಎಪ್ಪತ್ತು ದಾಟಿದ ಕೃಷ್ಣಮ್ಮ ಕೇಳಿದ್ದು ಒಂದೇ ಪ್ರಶ್ನೆ, ನೀರು ಜಾಸ್ತಿ ಚೆಲ್ಲುತ್ತೀಯಾ ಅಂತ. ಅವರ ಗಂಡ ನಂಜಪ್ಪ ತೀರಿಕೊಂಡು ಒಂಬತ್ತು ವರ್ಷ. ಹೊಲ ಹೋಗಿ ಮೂರು ಮಹಡಿ ಎದ್ದಿದೆ, ಹದಿನಾಲ್ಕು ಬಾಡಿಗೆಮನೆ. ಯಾವುದಕ್ಕೂ ಕಡಿಮೆಯಿಲ್ಲ. ಆದರೂ ಆಯಮ್ಮ ದಿನಾ ಬೆಳಿಗ್ಗೆ ಆರಕ್ಕೆ, ಚಪ್ಪಲಿಯಿಲ್ಲದೆ, ಗಲ್ಲಿಯ ಕೊನೆಯವರೆಗೆ ನಡೆದು, ಅಲ್ಲಿರುವ ದೊಡ್ಡ ಪಾರ್ಕಿನ ಕಾಂಪೌಂಡ್ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಬರುತ್ತಾರೆ. ಪಾರ್ಕೆಂದರೆ ಗಿಡ ಬಳ್ಳಿಯ ಪಾರ್ಕಲ್ಲ, ಗಾಜಿನ ಕಟ್ಟಡಗಳದ್ದು. ವಾಕಿಂಗ್ ಇರಬೇಕು ಎಂದುಕೊಂಡಿದ್ದೆ. ಆ ಗಲ್ಲಿಯೂ ವಿಚಿತ್ರ. ನೆಟ್ಟಗೆ ಬರುತ್ತಾ ಬರುತ್ತಾ ನಡುವೆ ಏನೂ ಇಲ್ಲದ ಕಡೆ ಒಮ್ಮೆಗೇ ಸೊಟ್ಟಗಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ಕ್ಯಾಬಿನವರು ದಿನಾ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ.

ಶುಕ್ರವಾರ ಮನೆಯಿಂದಲೇ ಕೆಲಸ. ಕೃಷ್ಣಮ್ಮ ತಾರಸಿಯಲ್ಲಿ ಸಂಡಿಗೆ ಹಾಕಿ, ಕಾಗೆ ಕಾಯಲು ನನ್ನ ಬಾಗಿಲಿನ ನೆರಳಿಗೆ ಬಂದು ಕೂತಿದ್ದರು. ಮಾಡಿದ ಕೆಲಸವನ್ನು ಇನ್ನೊಮ್ಮೆ ನೋಡಿ ಬೆನ್ನು ತಟ್ಟಿಕೊಳ್ಳುವ ಚಾಳಿ ನನ್ನದು. ನೂರಾ ಹದಿನೇಳನೆಯ ಹಾಳೆಯ ಚಿತ್ರವನ್ನು, ನನ್ನ ನೀಲಿ ಗೆರೆಗಳನ್ನು ಮರೆಮಾಡಿ, ಸುಮ್ಮನೆ ನೋಡುತ್ತಿದ್ದೆ. ಕೃಷ್ಣಮ್ಮ ಕುತ್ತಿಗೆ ಉದ್ದ ಮಾಡಿ ನೋಡಿದರು.

"ಇದ್ಯಾವೂರಮ್ಮ? ಇಷ್ಟೊಂದು ದನ ಇದಾವೆ."

ಚಿತ್ರದಲ್ಲಿ ಒಂದು ದನವೂ ಇರಲಿಲ್ಲ. ಇದ್ದರೂ ಅಷ್ಟು ಎತ್ತರದಿಂದ ಕಾಣುತ್ತಿರಲಿಲ್ಲ. ನಾನು ನಕ್ಕು, ಅವು ಒಣಗಿದ ತೊರೆಗಳೆಂದು ವಿವರಿಸಿದೆ, ಎಂ.ಎ. ಮಾಡಿದವಳ ಗತ್ತಿನಲ್ಲೇ ವಿವರಿಸಿದೆ. ಕೃಷ್ಣಮ್ಮ ಎದ್ದು ಬಂದು, ಸಂಡಿಗೆ ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಪರದೆಯ ಮೇಲೆ ಒಂದು ಗೆರೆಯನ್ನು ತೋರಿಸಿದರು.

"ಇಲ್ಲಿ ನೆರಳು ಬಿದ್ದದಲ್ಲ, ಇದು ದಿಣ್ಣೆ ತಾನೆ? ಈ ಗೆರೆ ದಿಣ್ಣೆ ಅತ್ತಿ ಆ ಕಡೆ ಇಳೀತದೆ ನೋಡು. ದಿಣ್ಣೆ ಅತ್ತೋ ನೀರು ನಾನು ಕಂಡಿಲ್ಲಮ್ಮ. ಇದು ದನ ಓಗಿ ಬಂದಿರೋ ದಾರಿ. ನೀರು ಓದ್ರೆ ಓಯ್ತು. ದನ ಸಂಜೆಗೆ ವಾಪಸ್ ಬರ್ತವೆ, ಅದಕ್ಕೇ ಇಷ್ಟು ಸವೆದದೆ."

ಆಮೇಲೆ ನಡುವಿನ ಬೆಳ್ಳನೆಯ ಜಾಗದ ಮೇಲೆ ಬೆರಳಿಟ್ಟರು. ಇದು ಕುಂಟೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಗೆ ಒಣಗುತ್ತದೆ, ಒಣಗಿದಾಗ ನೋಡಿದವರಿಗೆ ಬರೀ ಮಣ್ಣು ಎಂದರು. ಅಷ್ಟರಲ್ಲಿ ಕಾಗೆ ಬಂದು ಕೂತಿತು. ಅವರು ಅದನ್ನು ಓಡಿಸಲು ಹೊರಗೆ ಹೋದರು.

ನಾನು ನೆಲದ ಎತ್ತರದ ಲೆಕ್ಕ ತೆರೆದು ಗೆರೆಗಳ ಮೇಲೆ ಹಾಕಿ ನೋಡಿದೆ. ನಲವತ್ತೊಂದರಲ್ಲಿ ಇಪ್ಪತ್ತಾರು 'ತೊರೆ'ಗಳು ಏರನ್ನು ಹತ್ತಿ ಇಳಿದಿದ್ದವು. ಶಾಲೆಯ ಮಕ್ಕಳೂ ಮಾಡದ ತಪ್ಪು. ಕಿವಿ ಬಿಸಿಯಾಯಿತು. ಕಾಗೆ ಹಾರಿಸುತ್ತಿದ್ದ ಆ ಹೆಂಗಸಿನ ಮೇಲೆ ನನಗೆ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ.

ಸಿಟ್ಟಿಗೆ ಕಾರಣ ಬೇರೆ ಇತ್ತು. ನಮ್ಮಲ್ಲಿ ಫ್ರೀಜ್ ಆದ ಹಾಳೆಯನ್ನು ಮತ್ತೆ ತೆರೆಸಿದರೆ ಅದು ಎಳೆದವರ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ. ವರ್ಷಕ್ಕೆ ಮೂರಾದರೆ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ನನ್ನದು ಆಗಲೇ ಎರಡಾಗಿತ್ತು, ಕಾಂಟ್ರಾಕ್ಟ್ ಜೂನ್‌ಗೆ ಮುಗಿಯುವುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೆಯ ನಕ್ಷೆಯೂ ಖಾಲಿಯೆಂದೇ ಹೇಳುತ್ತಿತ್ತು, ನನ್ನ ಪರವಾಗಿ ನೂರು ವರ್ಷದ ಸಾಕ್ಷಿ ಇತ್ತು. ಇದನ್ನೆಲ್ಲ ಕೃಷ್ಣಮ್ಮನಿಗೂ ಹೇಳಿದೆ, ಯಾರೋ ಎಲ್ಲಿಯವರೋ, ಅವರ ದನಕ್ಕಾಗಿ ನಾನು ಕೆಲಸ ಕಳೆದುಕೊಳ್ಳಲೇ ಎಂದೂ ಕೇಳಿದೆ. ಅವರು ಸಂಡಿಗೆಯ ಬಟ್ಟೆ ಮಡಚಿಕೊಂಡು ಕೆಳಗೆ ಹೋದರು.

ಮಾರನೆಯ ಬೆಳಿಗ್ಗೆ ಆರಕ್ಕೆ ನನ್ನ ಬಾಗಿಲು ತಟ್ಟಿದರು. ಬಾ, ಒಂದು ರೌಂಡು ಹೋಗಿ ಬರೋಣ ಎಂದರು. ನಿದ್ದೆಗಣ್ಣಲ್ಲೇ ಹಿಂದೆ ಹೋದೆ. ಗಲ್ಲಿಯಲ್ಲಿ ಮಂಜೋ ಹೊಗೆಯೋ ತಿಳಿಯದ ಒಂದು ತೆಳು ಬಿಳುಪು ಕೂತಿತ್ತು. ಬೇಕರಿಯ ಶಟರ್ ಅರ್ಧ ಎದ್ದಿತ್ತು. ಗಲ್ಲಿ ಸೊಟ್ಟಗಾಗುವ ಕಡೆ ಬಂದಾಗ ಕೃಷ್ಣಮ್ಮ ಕಾಲಿನಿಂದ ನೆಲ ಮುಟ್ಟಿ ತೋರಿಸಿದರು. ಇಲ್ಲೊಂದು ಬಂಡೆ ಇತ್ತಂತೆ. ದನಗಳು ಅದನ್ನು ಬಳಸಿಕೊಂಡು ಹೋಗುತ್ತಿದ್ದವಂತೆ. ಬಂಡೆ ಒಡೆದು ಯಾರದೋ ಮನೆಯ ಪಾಯಕ್ಕೆ ಹಾಕಿದರು; ದನಗಳ ದಾರಿ ಮಾತ್ರ ಬಾಗಿದ ಹಾಗೇ ಉಳಿದು, ಅದರ ಮೇಲೆ ಜಲ್ಲಿ ಬಿತ್ತು, ಟಾರು ಬಿತ್ತು, ಈಗ ಕ್ಯಾಬು ಓಡಾಡುತ್ತವೆ. ಕಂಪನಿಗಳ ಅಷ್ಟೂ ಜನ ದಿನಾ ಆ ಇಲ್ಲದ ಬಂಡೆಯನ್ನು ಸುತ್ತಿಕೊಂಡೇ ಕೆಲಸಕ್ಕೆ ಹೋಗುತ್ತಾರೆ.

ಗಲ್ಲಿ ಮುಗಿದು ಗೋಡೆ ಬಂತು. ಗೋಡೆಯಾಚೆ ಗಾಜಿನ ಕಟ್ಟಡದ ಮೇಲೆ ಇನ್ನೂ ಹುಟ್ಟದ ಸೂರ್ಯನ ಬಣ್ಣವಿತ್ತು. ಅಲ್ಲಿ ಅವರ ಊರಿನ ಗೋಮಾಳ ಇತ್ತೆಂದು, ನಡುವೆ ಕುಂಟೆ ಇತ್ತೆಂದು ಕೃಷ್ಣಮ್ಮ ಹೇಳಿದರು. ಆಮೇಲೆ ನನಗೆ ಗೊತ್ತಿಲ್ಲದ ಇನ್ನೊಂದು ವಿಷಯ ಹೇಳಿದರು. ಮದುವೆಯಾಗಿ ಬಂದ ಎರಡನೇ ವರ್ಷದ ಬೇಸಿಗೆ. ಅಳತೆಯವರು ಮೂವರು ಬಂದರು. ಗಂಡಸರೆಲ್ಲ ಸಂತೆಗೆ ಹೋಗಿದ್ದರು, ಅತ್ತೆ ತವರಿಗೆ ಹೋಗಿದ್ದರು. ಕುಂಟೆ ಒಣಗಿತ್ತು, ದನ ದೂರದ ಕೆರೆಗೆ ಹೋಗಿದ್ದವು. ಅಳತೆಯವರಲ್ಲಿ ಒಬ್ಬ ಬಾಗಿಲಿಗೆ ಬಂದು ಕೇಳಿದ, ಏನಮ್ಮ, ಈ ಜಾಗ ಯಾರಾದರೂ ಬಳಸುತ್ತಾರಾ, ಖಾಲಿ ಬಿದ್ದಿದೆಯಾ? ಹೊಸ ಸೊಸೆ ಮನೆಯಲ್ಲಿ ಹಿರಿಯರಿಲ್ಲದಾಗ ಪರ ಗಂಡಸರ ಜೊತೆ ಮಾತಾಡಬಾರದು. ಕೃಷ್ಣಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಲಗೆಯ ಸಂದಿನಿಂದ ನೋಡಿದರೆ ಅವನು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ.

"ಯಾರ್ಗೂ ಏಳಿಲ್ಲ ಇದ್ನ. ನಮ್ಮೋರ್ಗೂ ಏಳ್ಲಿಲ್ಲ, ಅವ್ರು ಸತ್ತೇ ಓದ್ರು," ಎಂದರು. "ಆವತ್ತು ಬಾಯಿ ಬಿಟ್ಟಿದ್ರೆ ಇದು ಉಳೀತಿತ್ತೋ, ಉಳೀತಿರ್ಲಿಲ್ವೋ, ನಂಗೊತ್ತಿಲ್ಲ. ಬಿಡ್ಲಿಲ್ಲ ಅನ್ನೋದು ಮಾತ್ರ ಗೊತ್ತು. ನಲವತ್ತೆಂಟು ವರ್ಷ ಆಯ್ತು ಕಣಮ್ಮ."

ಅವರ ಕಣ್ಣಲ್ಲಿ ನೀರಿರಲಿಲ್ಲ. ನಾವಿಬ್ಬರೂ ಗೋಡೆ ನೋಡುತ್ತಾ ನಿಂತೆವು. ಮಾಡುವ ಕೆಲಸ ಬಿಟ್ಟು ಗೋಡೆ ನೋಡುವ ಇಬ್ಬರು ಹೆಂಗಸರನ್ನು ಕಾವಲಿನವನು ಅನುಮಾನದಿಂದ ನೋಡಿದ.

ಆ ಶನಿವಾರ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತು ಬಂತು. ಬಿರುಕು ಕೂಡಿಕೊಂಡಿತ್ತು. ನಡುವಿನ ಸಮುದ್ರ ಇರಲಿಲ್ಲ. ಉದ್ದ ಕೊಂಬಿನ ದನಗಳು ಕೆಂಪು ಬಯಲಿನಿಂದ ಸಾಲಾಗಿ, ಅವಸರವಿಲ್ಲದೆ ಬರುತ್ತಿದ್ದವು. ಒಂದರ ಬೆನ್ನ ಮೇಲೆ ಬೆಳ್ಳಕ್ಕಿ ಕೂತಿತ್ತು. ಹೂಡಿ ದಾಟಿದವು, ಮೆಟ್ರೋ ಕಂಬಗಳ ನಡುವೆ ಹಾದವು, ನಮ್ಮ ಗಲ್ಲಿಗೆ ಬಂದು ಇಲ್ಲದ ಬಂಡೆಯನ್ನು ಸರಿಯಾಗಿ ಬಳಸಿದವು. ಕೊನೆಯಲ್ಲಿ ಗೋಡೆಯ ಮುಂದೆ ನಿಂತವು. ಕೂಗಲಿಲ್ಲ, ಗುದ್ದಲಿಲ್ಲ, ಸುಮ್ಮನೆ ನಿಂತು ನನ್ನನ್ನು ನೋಡಿದವು. ಕೆಳಗಿನ ಮನೆಯ ಕುಕ್ಕರ್ ಕೂಗಿದಾಗ ಎದ್ದು ಕೂತೆ, ಬಾಯಿ ಒಣಗಿತ್ತು.

ಸೋಮವಾರ ಬೆಳಿಗ್ಗೆ ಶಿವಶಂಕರ್ ಮುಂದೆ ಹೋಗಿ ನಿಂತೆ. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತುವುದಿಲ್ಲ. ನೂರಾ ಹದಿನೇಳರಲ್ಲಿ ತಪ್ಪಾಗಿದೆ, ನಾನೇ ಮಾಡಿದ್ದು, ಮತ್ತೆ ತೆರೆಯಬೇಕು ಎಂದೆ. ಅವರು ನನ್ನ ಲೆಕ್ಕ ತೆಗೆದು ನೋಡಿ, ಪೆನ್ನು ಕೆಳಗಿಟ್ಟರು.

"ಹೇಮಲತಾ ಅವ್ರೆ, ಇದು ಮೂರನೇದು. ಕ್ಲೈಂಟೇ ಕೇಳಿಲ್ಲ, ಚೆಕ್ಕಿಂಗಲ್ಲೂ ಪಾಸಾಗಿದೆ. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿಯೇ ಬಂದಿದ್ದೇನೆ ಎಂದೆ. ಅವು ದನದ ದಾರಿಗಳೆಂದು ಹೇಗೆ ಗೊತ್ತಾಯಿತೆಂದು ಕೇಳಿದರು. ಎತ್ತರದ ಲೆಕ್ಕ ತೋರಿಸಿದೆ. ಮೊದಲು ಕಂಡುಹಿಡಿದವರು ಯಾರು ಎಂದರು. ನಮ್ಮ ಓನರ್ ಆಂಟಿ ಎಂದೆ. ಶಿವಶಂಕರ್ ನಗಲಿಲ್ಲ. ಅವರ ಅಜ್ಜ ಹೊಸಕೋಟೆ ಕಡೆ ಕುರಿ ಮೇಯಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಹಾಳೆ ತೆರೆದುಕೊಟ್ಟರು.

ನೀಲಿ ಗೆರೆಗಳನ್ನು ಒಂದೊಂದಾಗಿ ಅಳಿಸಿದೆ. 'ಖಾಲಿ' ಎಂಬುದನ್ನೂ ಅಳಿಸಿದೆ. ಅಲ್ಲಿಗೆ ಬಂದು ಕೈ ನಿಂತಿತು. ನಮ್ಮ ಪಟ್ಟಿಯಲ್ಲಿ ಕಾಡಿದೆ, ಹೊಲವಿದೆ, ಕಾರ್ಖಾನೆಯಿದೆ, ಗಾಲ್ಫ್ ಮೈದಾನಕ್ಕೂ ಒಂದು ಹೆಸರಿದೆ. ಊರಿನವರೆಲ್ಲರ ದನ ಮೇಯುವ ಜಾಗಕ್ಕೆ ಹೆಸರಿಲ್ಲ. ಕೊನೆಗೆ ಹೆಸರಿನ ಕಡೆ ಬಿಳಿ ಬಿಟ್ಟು, ಟಿಪ್ಪಣಿಯಲ್ಲಿ ಬರೆದೆ: ಸುತ್ತಲಿನ ಊರುಗಳ ದನ ಇಲ್ಲಿಗೆ ಬರುತ್ತವೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಯಾರಿಗೂ ಹಂಚುವ ಮುನ್ನ ಊರಿನವರನ್ನು, ಮುಖ್ಯವಾಗಿ ಮನೆಯಲ್ಲಿರುವ ಹೆಂಗಸರನ್ನು ಕೇಳಿ. ಶಿವಶಂಕರ್ ಕೊನೆಯ ಮಾತನ್ನು ಎರಡು ಸಲ ಓದಿ, ಹಾಗೇ ಕಳಿಸಿದರು.

ಹನ್ನೊಂದು ದಿನ ಏನೂ ಬರಲಿಲ್ಲ. ಆ ಹನ್ನೊಂದು ದಿನದಲ್ಲಿ ನಾನು ಬೇರೆ ಕಡೆ ಅರ್ಜಿ ಹಾಕಿದೆ, ಕೃಷ್ಣಮ್ಮನ ಹತ್ತಿರ ಸಂಡಿಗೆ ಕಲಿತೆ, ಕಾಗೆಗೆ ಬೈದೆ. ಹನ್ನೆರಡನೆಯ ದಿನ ಆ ಜಿಲ್ಲೆಯಲ್ಲಿ ನೆಲದ ಮೇಲೆ ಓಡಾಡಿ ನಕ್ಷೆ ಸರಿನೋಡುವ ರೆಹೆಮಾ ಎಂಬ ಹೆಂಗಸಿನ ಪತ್ರ ಬಂತು. ಅವಳು ಮೋಟಾರ್ ಬೈಕಿನಲ್ಲಿ ಎರಡು ದಿನ ಹೋಗಿ ನೋಡಿ ಬಂದಿದ್ದಳು. ಏಳು ಊರಿನ ದನ ಅಲ್ಲಿಗೆ ಬರುತ್ತವೆ. ಗಿಡ್ಡ ಮಳೆ ಮುಗಿದ ಮೇಲೂ ಎರಡು ತಿಂಗಳು ನೀರಿರುತ್ತದೆ. ಆ ತುಂಡನ್ನು ಹಂಚುವ ಪಟ್ಟಿಯಿಂದ ತೆಗೆದಿದ್ದಾರೆ, ಸದ್ಯಕ್ಕೆ. ಆ ಜಾಗಕ್ಕೊಂದು ಹೆಸರಿದೆ, ಮಲಿಶೋನಿ. ದನ ಮೇಯುವ ಜಾಗ ಎಂದೇ ಅದರ ಅರ್ಥ. ಯಾವ ನಕ್ಷೆಯಲ್ಲೂ ಇಲ್ಲದ್ದು ಅಷ್ಟು ದೂರದಲ್ಲಿರುವ ನಿಮಗೆ ಹೇಗೆ ಕಂಡಿತು ಎಂದು ಕೊನೆಯಲ್ಲಿ ಕೇಳಿದ್ದಳು.

ಜೂನ್‌ಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಮುಂದುವರಿಯುವುದಿಲ್ಲವೆಂದು ಶಿವಶಂಕರ್ ಮೆಲ್ಲಗೆ, ಬಹಳ ನೊಂದುಕೊಂಡು ಹೇಳಿದ್ದಾರೆ. ಬೇಜಾರಾಯಿತು, ಆಗದೆ ಏನು. ಆದರೆ ರಾತ್ರಿಯ ನಿದ್ದೆಗೆ ಏನೂ ತೊಂದರೆಯಾಗಲಿಲ್ಲ.

ಪತ್ರ ಬಂದ ಮರುದಿನ ಬೆಳಿಗ್ಗೆ ನಾನೇ ಕೆಳಗಿಳಿದು ಹೋಗಿ ಕೃಷ್ಣಮ್ಮನ ಬಾಗಿಲು ತಟ್ಟಿದೆ. ಇಬ್ಬರೂ ಗೋಡೆಯವರೆಗೆ ನಡೆದೆವು. ದಾರಿಯಲ್ಲಿ ಎಲ್ಲ ಹೇಳಿದೆ. ಏಳು ಊರು ಎಂದಾಗ ಅವರು ನಿಂತು, ಏಳಾ ಎಂದು ಕೇಳಿ ಮತ್ತೆ ನಡೆದರು. ಮಲಿಶೋನಿ ಎಂಬ ಹೆಸರನ್ನು ಮೂರು ನಾಲ್ಕು ಸಲ ಬಾಯಲ್ಲಿ ಹೊರಳಿಸಿದರು. ಗೋಡೆಯ ಮುಂದೆ ಬಂದಾಗ ನನಗೆ ಥಟ್ಟನೆ ಹೊಳೆಯಿತು, ಇಷ್ಟು ದಿನ ನಾನೂ ಕೇಳಿರಲಿಲ್ಲ.

"ಆಂಟಿ, ನಿಮ್ಮ ಈ ಜಾಗಕ್ಕೆ ಏನಂತ ಕರೀತಿದ್ರಿ?"

ಅವರ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸೆರಗು ತಲೆಯವರೆಗೆ ಬಂತು. ಕಾವಲಿನವನು ಈ ಕಡೆ ನೋಡುತ್ತಿದ್ದ. ಕೃಷ್ಣಮ್ಮ ಅವನನ್ನು ನೋಡಿದರು, ಗೋಡೆಯನ್ನು ನೋಡಿದರು, ಸೆರಗನ್ನು ಮತ್ತೆ ಹೆಗಲಿಗೆ ಬಿಟ್ಟರು.

"ಗೌಜಲ ಕುಂಟೆ," ಎಂದರು. ಅವನಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಏನಮ್ಮ ಎಂದ. ಕೃಷ್ಣಮ್ಮ ಎರಡು ಹೆಜ್ಜೆ ಮುಂದೆ ಹೋಗಿ, ಅವನ ಮುಖ ನೋಡಿಕೊಂಡು, ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು.

"ಗೌಜಲ ಕುಂಟೆ ಕಣಪ್ಪ ಇದು. ನಮ್ಮ ದನ ಇಲ್ಲಿಗೇ ಬರ್ತಿದ್ವು."